ಕತ್ತರಿಸದ ಕಡಗ

“ಬುದ್ಧಿ, ನಂಜಯ್ಯನನ್ನು ಕಳಿಸಿಯಾಯಿತು. ಬೀಗದ ಕೈಯನ್ನೂ ಈಸಿಕೊಂಡೆ. ಇನ್ನು ಉಳಿದ ಮಠಗಳಿಗೂ ಹೇಳಿ ಕಳಿಸಬೇಕೇ?”

ಹೀಗೆ ಕೇಳಿದವನು ಗುರುಮಲ್ಲ, ಮಠದ ಉಸ್ತುವಾರಿ ನೋಡುವ ಶಿಷ್ಯ. ಗುರುಗಳು ಆಗಷ್ಟೇ ಪೂಜೆ ಮುಗಿಸಿ ಜಗಲಿಗೆ ಬಂದಿದ್ದರು. ನಂಜಯ್ಯ ಮಠದ ಮಕ್ಕಳಿಗೆ ಪಾಠ ಹೇಳುತ್ತಿದ್ದವನು. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದ. ಒಂದು ಮಗುವಿನ ಕೈ ಮುರಿದ ಮೇಲೆ ಅವನನ್ನು ಸದ್ದಿಲ್ಲದೆ ಹೊರಗೆ ಹಾಕಿದ್ದರು. ಈ ಮಠದಲ್ಲಿದ್ದವನು ಎಂದರೆ ಸುತ್ತಿನ ಮಠಗಳಲ್ಲಿ ಹೆಚ್ಚು ವಿಚಾರಿಸದೆ ಸೇರಿಸಿಕೊಳ್ಳುವುದು ಮೊದಲಿನಿಂದ ನಡೆದು ಬಂದದ್ದು.

“ನಿನಗೆ ಏನನ್ನಿಸುತ್ತದೆ?” ಎಂದರು ಗುರುಗಳು.

“ನಮ್ಮ ಬಾಗಿಲು ಅವನಿಗೆ ಮುಚ್ಚಿತಲ್ಲ, ಅಷ್ಟು ಸಾಕು ಅನ್ನಿಸುತ್ತದೆ. ಎಲ್ಲ ಕಡೆ ಹೇಳಿಕೊಂಡು ತಿರುಗಿದರೆ ಮಠದ ಹೆಸರು ಏನಾದೀತು, ಬುದ್ಧಿ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಮನೆಗೆ ಹೆಬ್ಬಾಗಿಲು ಒಂದೇ. ಬೇರು ಒಣಗಿಸುವ ಅಂಗಳ, ಅರೆಯುವ ಕೋಣೆ, ಔಷಧಿಯ ಕೋಣೆ ಎಲ್ಲವೂ ಅದರ ಒಳಗೇ. ಒಳಗಿನ ಯಾವುದಕ್ಕೂ ಬೇರೆ ಬೀಗವಿರಲಿಲ್ಲ. ಹೆಬ್ಬಾಗಿಲಿನ ಬೀಗದ ಕೈ ಇದ್ದವನಿಗೆ ಎಲ್ಲ ಕೋಣೆಯೂ ತೆರೆದ ಹಾಗೆ. ಅದನ್ನು ಕಿತ್ತುಕೊಂಡರೆ ಎಲ್ಲವೂ ಒಟ್ಟಿಗೆ ಮುಚ್ಚಿದ ಹಾಗೆ.

ಅಕ್ಕಪಕ್ಕದ ಎರಡು ಊರುಗಳಲ್ಲಿಯೂ ವೈದ್ಯರಿದ್ದರು. ಅವರವರ ಮನೆ ಅವರವರದು, ಬೀಗವೂ ಬೇರೆ. ಆದರೆ ಮೂವರಲ್ಲಿ ಒಂದು ಒಪ್ಪಂದವಿತ್ತು. ವಿದ್ಯೆ ಮುಗಿಸಿದ ಶಿಷ್ಯನಿಗೆ ಗುರುವಾದವನು ತನ್ನ ಗುರುತು ಕೆತ್ತಿದ ತಾಮ್ರದ ಕಡಗ ತೊಡಿಸುತ್ತಿದ್ದ. ಆ ಕಡಗ ಕಂಡರೆ ಉಳಿದಿಬ್ಬರೂ ತಮ್ಮ ಔಷಧಿಯ ಕೋಣೆಯನ್ನು ತೆಗೆದು ಕೊಡುತ್ತಿದ್ದರು. ಬಂದವನನ್ನು ಪರೀಕ್ಷೆ ಮಾಡುತ್ತಿರಲಿಲ್ಲ. ಇವನನ್ನು ಬಲ್ಲವನು ಒಬ್ಬನಿದ್ದಾನೆ, ಆ ಬಲ್ಲವನನ್ನು ನಾವು ಬಲ್ಲೆವು, ಅಷ್ಟೇ ಅವರ ನಂಬಿಕೆ. ಶಿಷ್ಯ ದಾರಿ ತಪ್ಪಿದರೆ ಕಡಗ ತೊಡಿಸಿದವನೇ ಅದನ್ನು ಕತ್ತರಿಸಿ ಒಂದೊಂದು ತುಂಡನ್ನು ಆ ಎರಡು ಮನೆಗಳಿಗೂ ಕಳಿಸಬೇಕು. ಇದೂ ಒಪ್ಪಂದದಲ್ಲೇ ಇತ್ತು.

ಈ ವೈದ್ಯನ ಶಿಷ್ಯನೊಬ್ಬ ಕಣ್ಣಿಗೆ ಹಚ್ಚುವ ಅಂಜನವನ್ನು ಅಳತೆ ಮೀರಿ ಖಾರ ಮಾಡುತ್ತಿದ್ದ. ಬೇಗ ಗುಣ ಮಾಡುತ್ತಾನೆ ಎನ್ನಿಸಿಕೊಳ್ಳುವ ಆಸೆ ಅವನಿಗೆ. ಎಷ್ಟು ಹೇಳಿದರೂ ಕೇಳಲಿಲ್ಲ. ಒಬ್ಬ ಕುರಿ ಕಾಯುವವನ ಕಣ್ಣು ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ವೈದ್ಯ ಬೀಗದ ಕೈ ಕಿತ್ತುಕೊಂಡು ಶಿಷ್ಯನನ್ನು ಮನೆಯಿಂದ ಹೊರಗೆ ಕಳಿಸಿದ.

ವೈದ್ಯನ ಹೆಂಡತಿ ಕೇಳಿದಳು: “ಕಡಗ ಅವನ ಕೈಯಲ್ಲೇ ಹೋಯ್ತಲ್ಲಾ?”

“ಹೋಗಲಿ ಬಿಡೇ. ತುಂಡು ಮಾಡಿ ಊರೂರಿಗೆ ಕಳಿಸಿದರೆ, ಇಷ್ಟು ವರ್ಷ ಕಲಿಸಿ ಇಂಥವನನ್ನು ತಯಾರು ಮಾಡಿದನಾ ಅಂತ ನಗ್ತಾರೆ.”

“ನಗಲಿ. ಅವರು ನಕ್ಕರೆ ನಿಮ್ಮ ಮೀಸೆ ಉದುರಿ ಹೋಗುತ್ತಾ?”

ವೈದ್ಯ ಎದ್ದು ಅಂಗಳಕ್ಕೆ ಹೋದ. ಕಡಗದ ಮಾತು ಅಲ್ಲಿಗೇ ನಿಂತಿತು.

ಕೆಲವು ತಿಂಗಳ ಮೇಲೆ ಪಕ್ಕದ ಊರಿನ ವೈದ್ಯ, ಕೂಡಲೇ ಬರಬೇಕೆಂದು ಹೇಳಿ ಕಳಿಸಿದ. ಇವನು ಹೋದ. ಅಲ್ಲಿ ಹೂ ಕಟ್ಟಿ ಮಾರುವ ಒಬ್ಬ ಹೆಂಗಸಿನ ಎರಡೂ ಕಣ್ಣು ಹೋಗಿದ್ದವು. ರೆಪ್ಪೆ ಬಿಡಿಸಿ ನೋಡಿದ. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಅಂಜನದ ಖಾರ ಯಾರ ಕೈಯದು ಎಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಹಚ್ಚಿದವನು ಆಗಲೇ ಊರು ಬಿಟ್ಟು ಓಡಿದ್ದ.

“ನನ್ನ ಔಷಧಿ ಕೋಣೆಗೂ ಬೀಗ ಇತ್ತು” ಎಂದ ಆ ಊರಿನ ವೈದ್ಯ. “ನಿಮ್ಮ ಕಡಗ ನೋಡಿದೆ. ತೆಗೆದುಕೊಟ್ಟೆ.”

ಅಷ್ಟರಲ್ಲಿ ಆ ಹೆಂಗಸು ಮುಖವನ್ನು ಇತ್ತ ತಿರುಗಿಸಿದಳು. “ಈಗ ಕಣ್ಣು ಮುಟ್ಟಿ ನೋಡಿದವರು ಯಾರಪ್ಪಾ? ದೂರದಿಂದ ಬಂದಿರಾ? ನಿಮ್ಮ ಹೆಸರೇನು?”

ಯಾವ ಹೆಸರಿಗೆ ಎರಡು ಊರುಗಳಲ್ಲಿ ಬಾಗಿಲು ತೆರೆಯುತ್ತಿತ್ತೋ, ಆ ಹೆಸರು ವೈದ್ಯನ ಬಾಯಿಂದ ಹೊರಡಲಿಲ್ಲ. ಆ ಊರಿನ ವೈದ್ಯನೂ ಅದನ್ನು ಹೇಳಲಿಲ್ಲ. ಗೋಡೆಯ ಕಡೆ ನೋಡುತ್ತ ನಿಂತ. ಇವನು ತಲೆ ತಗ್ಗಿಸಿದ. ತಲೆ ತಗ್ಗಿಸಿದ್ದು ಕೂಡ ಅವಳಿಗೆ ಕಾಣಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಗುರುಮಲ್ಲ, “ಆ ವೈದ್ಯನೂ ತನ್ನ ಮನೆಯ ಬಾಗಿಲು ಮುಚ್ಚಿದ್ದನಲ್ಲಾ, ಬುದ್ಧಿ” ಎಂದ. ದನಿ ಅರ್ಧಕ್ಕೇ ಇಳಿಯಿತು.

ಗುರುಗಳು ಹೇಳಿದರು: “ನಂಜಯ್ಯ ಈ ಹೊತ್ತು ಯಾವ ಮಠದ ಮಕ್ಕಳ ಮುಂದೆ ನಮ್ಮ ಹೆಸರು ಹೇಳಿಕೊಂಡು ಕೂತಿದ್ದಾನೆ, ಗುರುಮಲ್ಲ?”