ರೂಟ್ ಆಗಲು ಹೊರಟ ದೊರೆ

"ನನ್ನ ರಾಜ್ಯದಲ್ಲಿ ನನಗೇ 'ಅನುಮತಿ ಇಲ್ಲ' ಅನ್ನೋ ಗಂಡು ಇನ್ನೂ ಹುಟ್ಟಿಲ್ಲ!" ಎಂದು ತುಂಬೆಗಿರಿಯ ದೊರೆ ಚಂಡಭೂಪಾಲ ಮೇಜು ಗುದ್ದಿದ.

ಗಂಡು ಹುಟ್ಟಿರಲಿಲ್ಲ, ನಿಜ. ಹಾಗಂದದ್ದು ಮೇಜಿನ ಮೇಲಿದ್ದ ಕಂಪ್ಯೂಟರು.

ಆ ಕಾಲದಲ್ಲಿ ಕಂಪ್ಯೂಟರು ಎಲ್ಲಿತ್ತು ಎಂದು ಕೇಳಬೇಡಿ. ಕತೆಯಲ್ಲಿ ಕತ್ತೆ ಮಾತಾಡಿದರೆ ತಲೆದೂಗುತ್ತೀರಿ, ಕಂಪ್ಯೂಟರು ಮಾತಾಡಿದರೆ ನಿಮ್ಮ ಗಂಟೇನು ಹೋಯಿತು?

ದೊರೆ ಅದಕ್ಕೆ ಹೊಸದಾಗಿ ಲಿನಕ್ಸ್ ಎಂಬ ತಂತ್ರಾಂಶ ಹಾಕಿಸಿದ್ದ. ಹಾಕಿಸಿದಂದಿನಿಂದ ಸದ್ದು ಬಂದ್. ಅದರೊಳಗೆ ರಾಣಿ ಮಲ್ಲಾಜಮ್ಮಣ್ಣಿ ಮಕ್ಕಳಿಗೆ ಹಾಡಿದ್ದ ಜೋಗುಳಗಳಿದ್ದವು. ಮಕ್ಕಳಿಗೆ ಮೀಸೆ ಬಂದಿತ್ತು, ರಾಣಿ ಹಾಡುವುದನ್ನು ಬಿಟ್ಟಿದ್ದಳು, ಆದರೆ ಜೋಗುಳ ಕೇಳದೆ ದೊರೆಗೆ ನಿದ್ದೆ ಹತ್ತುತ್ತಿರಲಿಲ್ಲ. ಆ ಹಾಡುಗಳಿಗೆ ಬೇರೆ ಪ್ರತಿಯೂ ಇರಲಿಲ್ಲ.

ಅಂತರ್ಜಾಲದಲ್ಲಿ ಯಾರೋ ಪುಣ್ಯಾತ್ಮ ಉಪಾಯ ಹೇಳಿದ್ದ: "ರೂಟ್ ಆಗಿ ಈ ಒಂದು ಸಾಲು ಹೊಡೆಯಿರಿ, ಎಲ್ಲ ಸರಿಹೋಗುತ್ತದೆ." ರೂಟ್ ಎಂದರೆ ಕಂಪ್ಯೂಟರಿನೊಳಗಿನ ಸರ್ವಾಧಿಕಾರಿ. ಅವನು ಏನು ಹೇಳಿದರೂ ಅದು ಎದುರಾಡುವುದಿಲ್ಲ. ದೊರೆ ರೂಟ್ ಆಗದೆಯೇ ಆ ಸಾಲು ಹೊಡೆದಾಗ ಕಂಪ್ಯೂಟರು 'ಅನುಮತಿ ಇಲ್ಲ' ಎಂದಿತ್ತು. ರೂಟ್ ಆಗುವ ಪಾಸ್‌ವರ್ಡ್ ಗೊತ್ತಿದ್ದದ್ದು ವಿದೂಷಕ ಮಂಚಯ್ಯನಿಗೆ ಮಾತ್ರ.

ಸಭೆ ಕೂಡಿತು.

"ದೊರೆ ಅಂದಮೇಲೆ ಸದಾ ರೂಟ್ ಆಗಿಯೇ ಇರಬೇಕು. ಸ್ವಂತ ಮನೆ ಬಾಗಿಲು ತಟ್ಟೋರುಂಟೆ?" ಎಂದ ಸೇನಾಪತಿ.

"ರೂಟ್ ಯಾರಿಗೂ ಬೇಡ. ಬೀಗ ಹಾಕಿ ಬೀಗದ ಕೈಯನ್ನು ಕೆರೆಗೆ ಎಸೆಯಿರಿ," ಎಂದ ಮಂತ್ರಿ.

ಇಬ್ಬರೂ ಕಂಪ್ಯೂಟರು ಮುಟ್ಟಿದವರಲ್ಲ, ಹಾಗಾಗಿ ವಾದ ಬಲು ಜೋರಾಗಿತ್ತು.

ಮಂಚಯ್ಯ ಆ ಸಾಲನ್ನು ಓದಿದ.

"ಮಹಾಪ್ರಭು, ಇದು ಯಾವನೋ ಕಿಡಿಗೇಡಿ ಬರೆದದ್ದು. ಇದರಿಂದ ಸದ್ದು ಬರೋದಿಲ್ಲ, ಒಳಗಿರೋದೆಲ್ಲ ಅಳಿಸಿಹೋಗುತ್ತೆ. ರಾಣಿಯಮ್ಮನವರ ಜೋಗುಳವೂ ಹೋಗುತ್ತೆ."

"ಬಾಯಿ ಮುಚ್ಚು! ನಿದ್ದೆ ಇಲ್ಲದೆ ನನ್ನ ತಲೆ ಸಿಡೀತಿದೆ. ಸಂಜೆಯೊಳಗೆ ಪಾಸ್‌ವರ್ಡ್ ಕೊಡು, ಇಲ್ಲಾ ರಾಜ್ಯ ಬಿಟ್ಟು ಹೊರಡು."

ಕೊಟ್ಟರೆ ಜೋಗುಳ ಹೋಗುತ್ತದೆ, ಕೊಡದಿದ್ದರೆ ಅನ್ನ ಹೋಗುತ್ತದೆ. ಮಂಚಯ್ಯ ಗಲ್ಲ ಕೆರೆದುಕೊಂಡ.

"ಆಗಲಿ ಪ್ರಭು, ಕೊಡ್ತೀನಿ. ಆದರೆ ರೂಟ್ ಆಗೋಕೂ ಅಭ್ಯಾಸ ಬೇಕು. ಸಂಜೆಯವರೆಗೆ ಅರಮನೆಯಲ್ಲೇ ರೂಟ್ ಆಗಿ ನೋಡಿ."

ತುಂಬೆಗಿರಿಯಲ್ಲಿ ಒಂದು ಪದ್ಧತಿಯಿತ್ತು. ದೊರೆ ಏನೇ ಆಜ್ಞೆ ಮಾಡಲಿ, ಭಟರು "ಅಪ್ಪಣೆಯೇ, ಮಹಾಪ್ರಭು?" ಎಂದು ಇನ್ನೊಮ್ಮೆ ಕೇಳಬೇಕು, ದೊರೆ ಮುದ್ರೆಯುಂಗುರ ತೋರಿಸಬೇಕು. ಆಮೇಲೆಯೇ ಕೆಲಸ. ದೊರೆಯ ತಾತ ಒಮ್ಮೆ ಸಿಟ್ಟಿನಲ್ಲಿ ಪಟ್ಟದಾನೆಯನ್ನೇ ದಾನ ಕೊಟ್ಟು ಅತ್ತಮೇಲೆ ಬಂದ ಪದ್ಧತಿ ಅದು.

"ಇವತ್ತು ಸಂಜೆಯವರೆಗೆ ಯಾರೂ ತಮ್ಮನ್ನು ತಿರುಗಿ ಕೇಳೋದಿಲ್ಲ," ಎಂದ ಮಂಚಯ್ಯ.

"ಭೇಷ್! ಇದಪ್ಪಾ ದೊರೆತನ!" ಎಂದು ಚಂಡಭೂಪಾಲ ಊಟಕ್ಕೆ ನಡೆದ.

ಸಾರಿಗೆ ಉಪ್ಪು ಹೆಚ್ಚಾಗಿತ್ತು. "ಚೆಲ್ಲಿ ಈ ಸಾರನ್ನ!" ಎಂದ. ಭಟರು ಬಟ್ಟಲಿನದ್ದನ್ನೂ ಚೆಲ್ಲಿದರು, ಅಡುಗೆಮನೆಯ ಕೊಪ್ಪರಿಗೆಯನ್ನೂ ಮಗುಚಿದರು. ಅರಮನೆಗೆ ಅರಮನೆಯೇ ಮಜ್ಜಿಗೆಯನ್ನ ಉಂಡಿತು.

ದೊರೆ ಒರಗಿದ. ಕಣ್ಣು ಇನ್ನೇನು ಹತ್ತಬೇಕು, ನಗಾರಿ ಬಡಿಯಿತು.

"ಸದ್ದು ಮಾಡೋರನ್ನೆಲ್ಲ ಕೋಟೆಯಿಂದಾಚೆ ಹಾಕಿ!"

ನಗಾರಿಯವರು ಹೋದರು. ಗಂಟೆ ಬಾರಿಸುತ್ತಿದ್ದ ಪುರೋಹಿತರು ಹೋದರು. ಇನ್ನೂ ವಾದ ಮಾಡುತ್ತಲೇ ಇದ್ದ ಸೇನಾಪತಿ, ಮಂತ್ರಿಗಳು ಜೋಡಿಯಾಗಿ ಹೋದರು. ರಾಣಿಯ ಕಾಲಂದುಗೆ ಘಲ್ಲೆಂದಿತು. ಭಟರು ಮುಖ ಮುಖ ನೋಡಿಕೊಂಡರು. ಕೊನೆಗೆ ಆಕೆಯನ್ನೂ ಪಲ್ಲಕ್ಕಿಯಲ್ಲಿ ಕೂರಿಸಿ ಹೊತ್ತೊಯ್ದರು. ಮಂಚಯ್ಯ ಮಾತ್ರ ಬರಿಗಾಲಲ್ಲಿ, ತುಟಿಯ ಮೇಲೆ ಬೆರಳಿಟ್ಟು ಮೂಲೆಯಲ್ಲಿ ನಿಂತಿದ್ದ.

ಹೊರಗಿನವರು ಬಾಗಿಲು ಬಡಿಯತೊಡಗಿದರು.

"ಹೊರಗಿಂದ ಯಾರು ಕೂಗಿದರೂ ಬಾಗಿಲು ತೆಗೀಬೇಡಿ!" ಎಂದು ದೊರೆ ಗರ್ಜಿಸಿದ. ಆ ಗರ್ಜನೆಗೆ ಗೋಡೆಯ ಗಾರೆ ಉದುರಿತು.

ಅರಮನೆಯಲ್ಲಿ ಈಗ ಸದ್ದು ಮಾಡುತ್ತಿದ್ದವನು ಅವನೊಬ್ಬನೇ. ಭಟರು ತಿರುಗಿ ಕೇಳುವಂತಿರಲಿಲ್ಲ, ಆದ್ದರಿಂದ ಕೇಳಲಿಲ್ಲ. ದೊರೆಯನ್ನು ಮಂಚದ ಸಮೇತ ಎತ್ತಿಕೊಂಡು ಹೋಗಿ, ಕೋಟೆಯಾಚೆ ಬಿಸಿಲಲ್ಲಿ ಇಳಿಸಿ ಅಗುಳಿ ಹಾಕಿಕೊಂಡರು.

"ತೆಗೀರೋ ಬಾಗಿಲು! ನಾನು ದೊರೆ!"

"ಹೊರಗಿಂದ ಯಾರು ಕೂಗಿದರೂ ತೆಗೀಬಾರದು ಅಂತ ದೊರೆಗಳ ಅಪ್ಪಣೆಯಾಗಿದೆ," ಎಂದಿತು ಒಳಗಿನ ದನಿ.

ಕಿಂಡಿಯಲ್ಲಿ ಮಂಚಯ್ಯನ ಮುಖ ಕಾಣಿಸಿತು.

"ಮಂಚಯ್ಯ! ದೊರೆಯನ್ನ ಅವನ ಕೋಟೆಯಿಂದಲೇ ಆಚೆ ಹಾಕಿಸಿದವನಿಗೆ ಏನು ಶಿಕ್ಷೆ? ನೀನೇ ಹೇಳು!"

"ಪಾಪ, ಹಾಕಿಸಿದವರು ಆಗಲೇ ಬಿಸಿಲಲ್ಲಿ ನಿಂತಿದ್ದಾರೆ ಪ್ರಭು. ಅದಕ್ಕಿಂತ ಹೆಚ್ಚಿನ ಶಿಕ್ಷೆ ಯಾಕೆ?"

ಪಲ್ಲಕ್ಕಿಯೊಳಗಿಂದ ರಾಣಿ ಗೊಳ್ಳೆಂದು ನಕ್ಕಳು. ದೊರೆ ಕೆಂಪಾದ, ಕೆಮ್ಮಿದ, ಕೊನೆಗೆ ತಾನೂ ಹೊಟ್ಟೆ ಹಿಡಿದುಕೊಂಡು ನಕ್ಕ.

"ಹಳೇ ಪದ್ಧತಿ ಮತ್ತೆ ತರಲೇ ಪ್ರಭು?"

"ತಾರೋ ಮಹರಾಯ! ನೂರು ಸಲ ಬೇಕಾದರೂ ಕೇಳಿ, ಬಾಗಿಲು ತೆಗೀರಿ!"

"ಅಪ್ಪಣೆಯೇ, ಮಹಾಪ್ರಭು?" ಎಂದರು ಭಟರು. ದೊರೆ ಕಿಂಡಿಗೆ ಉಂಗುರ ಹಿಡಿದ. ಬಾಗಿಲು ತೆರೆಯಿತು.

ಒಳಗೆ ಬಂದವನೇ ದೊರೆ ಆ ಸಾಲನ್ನು ತಾನೇ ಅಳಿಸಿದ. "ಪಾಸ್‌ವರ್ಡ್ ನಿನ್ನ ಹತ್ತಿರವೇ ಇರಲಿ ಮಂಚಯ್ಯ. ಈ ಪೆಟ್ಟಿಗೆಯೂ ಭಟರ ಹಾಗೆ ತಿರುಗಿ ಕೇಳುತ್ತಲೇ ಇರಲಿ. ಆದರೆ ನನ್ನ ನಿದ್ದೆಯ ಗತಿ?"

ಮಂಚಯ್ಯ ಮೇಜಿನಡಿ ತೂರಿದ. ಲಿನಕ್ಸ್ ಹಾಕಿಸಿದ ದಿನವೇ ಕಸ ಗುಡಿಸುವಾಗ ಕಳಚಿದ್ದ ಸ್ಪೀಕರಿನ ತಂತಿಯನ್ನು ಸಿಕ್ಕಿಸಿದ. ಕೋಣೆಯ ತುಂಬ ರಾಣಿಯ ಜೋಗುಳ ಹರಡಿತು. ದೊರೆಯ ಕಣ್ಣು ತೇವವಾಯಿತು. ಹೊದ್ದಿದ್ದ ಶಾಲನ್ನು ಮಂಚಯ್ಯನಿಗೆ ಹೊದಿಸಿದ.

"ಅಲ್ಲಯ್ಯ, ಇದಕ್ಕೆ ರೂಟ್ ಆಗಬೇಕಿರಲಿಲ್ಲವೇ?"

"ಇಲ್ಲ ಮಹಾಪ್ರಭು," ಎಂದ ಮಂಚಯ್ಯ ಮಂಡಿಯ ಧೂಳು ಕೊಡವುತ್ತ. "ಸ್ವಲ್ಪ ಬಗ್ಗಬೇಕಿತ್ತು, ಅಷ್ಟೆ."