ಮೂರನೇ ಹಾಡಿನ ಕೆಮ್ಮು

ಗುರುಪುರ ಹೊಳೆಯ ದಂಡೆಯಲ್ಲಿ ಬೊನಿಫಾಸ್ ಮಾಷ್ಟ್ರ ಮನೆ. ಒಂದು ಕಾಲಕ್ಕೆ ಮುಂಬಯಿಯ ಹೋಟೆಲುಗಳಲ್ಲಿ ಅವರ ಸ್ಯಾಕ್ಸೋಫೋನಿಗೆ ಜನ ಕಾಲು ಸೋಲುವವರೆಗೂ ಕುಣಿಯುತ್ತಿದ್ದರು. ಆ ದಿನಗಳಲ್ಲಿ ಅವರ ತಂಡ ಹೊರತಂದದ್ದು ಕುಣಿತಕ್ಕೆ ಒದಗುವ ಸ್ವಿಂಗ್ ಜಾಝಿನ ಒಂದೇ ಒಂದು ರೆಕಾರ್ಡು; ಅದರ ಪ್ರತಿಯೂ ಅವರ ಬಳಿ ಉಳಿದಿರಲಿಲ್ಲ.

ಶಿಷ್ಯ ಗೋಪಿನಾಥ ಸೇರಿಗಾರ ದೇವಸ್ಥಾನದಲ್ಲಿ ಸ್ಯಾಕ್ಸೋಫೋನ್ ನುಡಿಸುವ ಮನೆತನದವನು. ಹೊಟ್ಟೆಪಾಡಿಗೆ ಧ್ವನಿಮುದ್ರಣದ ಕೆಲಸ. ಆ ರೆಕಾರ್ಡಿನ ಮೂಲ ಟೇಪು ಹೇಗೋ ಅವನ ಕೈಗೆ ಸಿಕ್ಕಿತು. ಅದನ್ನು ಕಂಪ್ಯೂಟರಿನಲ್ಲಿ ತೊಳೆದು ಹೊಸದಾಗಿ ಹೊರತರಲು ನಾಲ್ಕು ತಿಂಗಳು ಒದ್ದಾಡಿದ. ಒಂದು ಬೆಳಿಗ್ಗೆ ಹೊಸ ರೆಕಾರ್ಡು ಹಿಡಿದು ಬಂದಾಗ ಅವನ ಮುಖ ಊರಗಲವಾಗಿತ್ತು.

ಮಾಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಮೂರನೇ ಹಾಡು ಮುಗಿಯುತ್ತಲೇ ಸೂಜಿ ಎತ್ತಿದರು.

“ಇಲ್ಲೊಂದು ಕೆಮ್ಮು ಇತ್ತಲ್ಲ?”

“ತೆಗೆದೆ ಮಾಷ್ಟ್ರೇ!” ಗೋಪಿನಾಥ ಬೀಗಿದ. “ಅದೊಂದಕ್ಕೇ ಮೂರು ದಿನ ಹಿಡೀತು. ಅಷ್ಟು ಚಂದದ ಹಾಡಿನ ಮಧ್ಯೆ ಯಾರದೋ ದರಿದ್ರ ಕೆಮ್ಮು.”

“ಇನಾಸನದ್ದು.”

“ಯಾರು ಇನಾಸ?”

“ನಮ್ಮ ತಂಡದಲ್ಲಿ ಬೇಸ್ ತಂತಿವಾದ್ಯ ನುಡಿಸ್ತಿದ್ದವ. ಅವನಿಗೆ ಕ್ಷಯ ಇತ್ತು. ಆಗ ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಮೈಕಿನ ಎದುರು ನುಡಿಸ್ಬೇಕು. ಎರಡು ಹಾಡು ಮುಗಿಯುವವರೆಗೆ ಕೆಮ್ಮು ತಡೆದು ನಿಂತ. ಮೂರನೆಯದರಲ್ಲಿ ಆಗ್ಲಿಲ್ಲ. ಪುನಃ ನುಡಿಸಿ ಅಂದ್ರು ಸ್ಟುಡಿಯೋದವರು. ಪುನಃ ನಿಲ್ಲುವ ತ್ರಾಣ ಅವನಲ್ಲಿ ಇರ್ಲಿಲ್ಲ. ಬೇಡ, ಇದೇ ಇರ್ಲಿ ಅಂದೆ. ಇಪ್ಪತ್ತು ದಿನಕ್ಕೆ ಸತ್ತ.”

ಗೋಪಿನಾಥ ರೆಕಾರ್ಡಿನ ಹೊದಿಕೆ ತಿರುಗಿಸಿ ಆ ಹೆಸರು ಹುಡುಕಿದ.

“ಅವನ ಹೆಂಡತಿ ಸೆವ್ರಿನ್ ಬಾಯಮ್ಮನಿಗೆ ಗಂಡನ ಸ್ವರ ಅಂತ ಉಳಿದದ್ದು ಆ ಕೆಮ್ಮು ಮಾತ್ರ. ಐವತ್ತು ವರ್ಷ ಅಲ್ಲಿಗೇ ಸೂಜಿ ಇಟ್ಟು ಇಟ್ಟು ಅವರ ರೆಕಾರ್ಡು ಸವೆದುಹೋಗಿದೆ. ಈಗ ಬರೀ ಕರಕರ. ಬೇರೆ ಪ್ರತಿ ಎಲ್ಲಿಯೂ ಇಲ್ಲ. ಹೊಸದು ಬರ್ತದೆ ಅಂತ ನಾನು ಹೇಳಿದ್ದೆ. ಇವತ್ತು ಕೇಳ್ಲಿಕ್ಕೆ ಬರ್ತಾರೆ.”

ಮೂಲ ಟೇಪು ಒಮ್ಮೆ ಓಡಿಸಿದ್ದಕ್ಕೇ ಪುಡಿಪುಡಿಯಾಗಿ ಉದುರಿತ್ತು. ಅದರಿಂದ ಇಳಿಸಿಕೊಂಡ ಪ್ರತಿಯನ್ನು ಗೋಪಿನಾಥನೇ ಅಳಿಸಿಹಾಕಿದ್ದ. ತಾನು ಇಷ್ಟು ಚೊಕ್ಕ ಮಾಡಿದ ಮೇಲೆ ಆ ಹಳೆಯ ಕೊಳೆಯನ್ನು ಯಾರೂ ಕೇಳಬಾರದು ಎಂಬ ಜಂಬ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿ ಕೂತಿದ್ದ ಪುಣ್ಯಾತ್ಮ.

“ನೀವು ಮೊದಲೇ ಹೇಳ್ಬಹುದಿತ್ತು, ಮಾಷ್ಟ್ರೇ.”

“ನೀನು ಮೊದಲೇ ಕೇಳ್ಬಹುದಿತ್ತು.”

ಕೆಳಗೆ ದೋಣಿ ದಡ ಮುಟ್ಟಿತು. ಕೊಡೆ ಊರಿಕೊಂಡು ಒಬ್ಬ ಮುದುಕಿ ಇಳಿದಳು. ಮದುವೆ ಮನೆಗೆ ಹೊರಟವಳ ಹಾಗೆ ಒಳ್ಳೆಯ ಸೀರೆ ಉಟ್ಟಿದ್ದಳು.

ಗೋಪಿನಾಥ ಫೋನು ತೆಗೆದ. “ಮಾಷ್ಟ್ರೇ, ನೀವೊಮ್ಮೆ ಕೆಮ್ಮಿ. ಅದನ್ನೇ ಆ ಜಾಗದಲ್ಲಿ ಕೂರಿಸ್ತೇನೆ. ರೆಕಾರ್ಡು ಬರುವುದು ಒಂದು ವಾರ ತಡ ಅಂತ ಹೇಳುವ. ಇಷ್ಟು ವರ್ಷ ಆಯ್ತಲ್ಲ, ಅವರಿಗೆ ಗೊತ್ತಾಗ್ಲಿಕ್ಕಿಲ್ಲ.”

“ಪಕ್ಕದ ಕೋಣೆಯಲ್ಲಿ ನಿನ್ನ ಅಮ್ಮ ಕೆಮ್ಮಿದ್ರೆ ನಿಂಗೆ ಗೊತ್ತಾಗುದಿಲ್ವಾ?”

“ಗೊತ್ತಾಗ್ತದೆ.”

ಮಾಷ್ಟ್ರು ಫೋನನ್ನು ಅವನ ಕೈಯಿಂದ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟರು. ಒಂದು ಕುರ್ಚಿ ತಂದು, ಬರುವವಳಿಗೆಂದು, ಸರಿಯಾಗಿ ಅವನ ಎದುರಿಗೇ ಹಾಕಿದರು. ಮೆಟ್ಟಿಲಲ್ಲಿ ಕೊಡೆಯ ಸದ್ದು ಹತ್ತಿರವಾಯಿತು.

“ನಾನೇ ಹೇಳ್ಬೇಕಾ, ಮಾಷ್ಟ್ರೇ? ಎಂತ ಅಂತ ಹೇಳ್ಲಿ?”

“ನಡೆದದ್ದು ಹೇಳು. ಹೇಳುವಾಗ ಗಂಟಲು ಕಟ್ತದೆ. ಅದನ್ನು ತೆಗೀಲಿಕ್ಕೆ ಹೋಗ್ಬೇಡ.”