ಆಚೆದಡಕ್ಕೆ ಬಂದ ಸೇತುವೆ

ಒಂದಾನೊಂದು ಕಾಲ. ಒಂದು ಹೊಳೆ, ಹೊಳೆಗೆ ಎರಡು ದಡ. ಈಚೆ ದಡದಲ್ಲಿ ರಾಜನ ಪಟ್ಟಣ, ಆಚೆ ದಡದಲ್ಲಿ ಏಳು ಹಟ್ಟಿ. ಏಳು ಹಟ್ಟಿಗೂ ಏಳು ಹೆಸರಿತ್ತಂತೆ, ಆದರೆ ಪಟ್ಟಣದವರ ಬಾಯಲ್ಲಿ ಎಲ್ಲಕ್ಕೂ ಸೇರಿ ಒಂದೇ ಹೆಸರು, ಆಚೆದಡ. ಉಪ್ಪು ಬೇಕು ಅಂದರೆ ಆಚೆದಡದವರು ಹೊಳೆ ದಾಟಬೇಕು. ಔಷಧಿ ಬೇಕು ಅಂದರೆ ದಾಟಬೇಕು. ಸಂತೆಗೆ ದಾಟಬೇಕು, ನ್ಯಾಯ ಕೇಳೋಕೆ ದಾಟಬೇಕು, ಕಂದಾಯ ಕಟ್ಟೋಕೂ ದಾಟಬೇಕು. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಸೀರೆ ಎತ್ತಿ ಕಟ್ಟಿ ಹೆಂಗೋ ದಾಟೋರು. ಮಳೆಗಾಲ ಬಂತೋ, ಎರಡಾಳುದ್ದ ನೀರು. ಹೊಳೆಯ ಅಗಲ ಬರೀ ಒಂದು ಕೂಗಳತೆ. ಕೂಗಿದರೆ ಮಾತು ದಾಟೋದು, ಮನುಷ್ಯರು ದಾಟೋ ಹಾಗಿರಲಿಲ್ಲ.

ಆಚೆದಡದಲ್ಲಿ ಮುದ್ದೀರವ್ವ ಅಂತ ಒಬ್ಬ ಸೂಲಗಿತ್ತಿ ಇದ್ದಳಂತೆ. ಅವಳ ಕೈಗುಣ ಅಂದರೆ ಕೈಗುಣ. ಹೊಟ್ಟೆಯಲ್ಲಿ ಅಡ್ಡ ತಿರುಗಿದ ಕೂಸನ್ನ ಮೇಲಿಂದಲೇ ಸವರಿ ಸವರಿ ನೆಟ್ಟಗೆ ಮಾಡೋಳು. ಏಳು ಹಟ್ಟಿಗೂ ಅವಳೇ, ಪಟ್ಟಣಕ್ಕೂ ಅವಳೇ. ಬಡವರ ಮನೆ ಅಂತಿಲ್ಲ, ಬಲ್ಲಿದರ ಮನೆ ಅಂತಿಲ್ಲ, ಕರೆದರೆ ಹೊರಟಳು. ಗಂಡ ಸತ್ತು ಬಹಳ ಕಾಲವಾಗಿತ್ತು. ಇದ್ದವಳು ಒಬ್ಬಳೇ ಮಗಳು, ಚೆಲುವಾಜಿ.

ಆಚೆದಡದ ಜನ ಒಂದು ಸಲ ರಾಜನ ಹತ್ತಿರ ಹೋಗಿ ಅಡ್ಡಬಿದ್ದರಂತೆ. "ಬುದ್ಧಿ, ಮಳೆಗಾಲದಾಗೆ ನಮಗೆ ದಾರಿ ಇಲ್ಲ." ರಾಜ ಒಳ್ಳೆಯವನೇ, ಆದರೆ ಅರಮನೆ ಬಿಟ್ಟು ಕದಲದವನು. "ಒಂದು ದೊಡ್ಡ ದೋಣಿ ಮಾಡಿಸಿ. ಬೆಳಿಗ್ಗೆ ಮೂರು ಸಲ, ಸಂಜೆ ಮೂರು ಸಲ ಹೋಗಿ ಬರಲಿ. ಯಾರ ಹತ್ತಿರವೂ ಕೂಲಿ ಕೇಳಕೂಡದು," ಅಂದ. ದೋಣಿ ಆಯಿತು, ಚೆಂದದ ದೋಣಿ. ಹೊಳೆಗೆ ಮಾತ್ರ ಇಳಿಯಲಿಲ್ಲ. ಮಂತ್ರಿ ತನ್ನ ತೋಟದ ಕೊಳಕ್ಕೆ ಇಳಿಸಿಕೊಂಡ. ಅವನ ಹೆಂಡತಿ ಅದರಲ್ಲಿ ಕೂತು ತಾವರೆ ಕೀಳೋಳಂತೆ. ರಾಜ ಕೇಳಿದರೆ, "ದೋಣಿ ಓಡ್ತಾ ಇದೆ ಬುದ್ಧಿ," ಅಂದ ಮಂತ್ರಿ.

ಮಾರನೇ ವರ್ಷ ಜನ ಮತ್ತೆ ಹೋದರು. ದೋಣಿ ಸಾಲದೇನೋ ಅಂದುಕೊಂಡ ರಾಜ. "ಸೇತುವೆಯನ್ನೇ ಕಟ್ಟಿ. ಏಳು ಗಾಡಿ ಕಲ್ಲು, ಏಳು ಗಾಡಿ ಸುಣ್ಣ, ಏಳು ಜನ ಕಲ್ಲುಕುಟಿಗರು, ಕೊಟ್ಟಿದ್ದೀನಿ," ಅಂದ. ಅರಮನೆಯಿಂದ ಗಾಡಿ ಹೊರಟವು. ಮಂತ್ರಿಯ ಮನೆ ತಿರುವಿನಲ್ಲಿ ಆರು ಗಾಡಿ ತಿರುಗಿದವು. ಕೆಲಸದ ಉಸ್ತುವಾರಿಯ ಪಾರುಪತ್ತೇಗಾರನ ಮನೆ ತಿರುವಿನಲ್ಲಿ ಇನ್ನು ನಾಲ್ಕು ತಿರುಗಿದವು. ಕಂದಾಯ ವಸೂಲಿಯ ಶೇಕದಾರನ ಮನೆ ತಿರುವಿನಲ್ಲಿ ಉಳಿದವೂ ತಿರುಗಿದವು. ಹೊಳೆಯ ದಡಕ್ಕೆ ಬಂದದ್ದು ಗಾಡಿಯ ಧೂಳು. "ಕಟ್ಟಾಯ್ತು ಬುದ್ಧಿ," ಅಂದರು ಮೂವರೂ.

ಮೂರನೇ ವರ್ಷ ಜನ ಮತ್ತೆ ಬಂದಾಗ ರಾಜನಿಗೆ ಸೋಜಿಗ. "ಕಟ್ಟಿಸಿದೆನಲ್ಲ?" ಅಂದ. ಶೇಕದಾರ ಮುಂದೆ ಬಂದು ಕೈಕಟ್ಟಿ, "ಕಟ್ಟಿದ್ವಿ ಬುದ್ಧಿ, ಹೊಳೆ ಕೊಚ್ಚಿಕೊಂಡು ಹೋಯ್ತು," ಅಂದ. ಪಾಪ ಅಂತ ರಾಜ ಮತ್ತೆ ಅಷ್ಟೇ ಗಾಡಿ ಕೊಟ್ಟ. ಮತ್ತೆ ಅದೇ ತಿರುವು, ಅದೇ ಧೂಳು. ಆಮೇಲೆ ಆಚೆದಡದವರು ಅಂದರೆ ಪಟ್ಟಣವೇ ಮುಖ ಸಿಂಡರಿಸೋಕೆ ಶುರುಮಾಡಿತು. "ಎಷ್ಟು ಕೊಟ್ಟರೂ ಸಾಲದು ಇವರಿಗೆ, ಉಪಕಾರಗೇಡಿಗಳು," ಅಂತ.

ಇಂಥದ್ದರಲ್ಲಿ ಚೆಲುವಾಜಿ ಚೊಚ್ಚಲು ಬಸುರಿ ಆದಳು. ದಿನ ತುಂಬೋಕೆ ಇನ್ನು ಹದಿನೈದು ದಿನ ಇತ್ತು. ಒಂದು ಬೆಳಿಗ್ಗೆ ಶೇಕದಾರನ ಆಳು ಬಂದ. "ಮುದ್ದೀರವ್ವ, ನಮ್ಮ ಧಣಿಯ ಸೊಸೆಗೆ ನೋವು ಬಂದದೆ, ಬೇಗ ಬಾ." ಹೊಳೆಯಲ್ಲಿ ನೀರು ಇನ್ನೂ ತೊಡೆಮಟ್ಟ. ಮುದ್ದೀರವ್ವ ದಾಟಿದಳು. ಹೆರಿಗೆ ಕಷ್ಟದ್ದು, ಎರಡು ದಿನ ಹಿಡಿಯಿತು. ಶೇಕದಾರನಿಗೆ ಗುಂಡುಕಲ್ಲಿನಂಥ ಮೊಮ್ಮಗ ಹುಟ್ಟಿದ. ಅಷ್ಟರಲ್ಲಿ ಬೆಟ್ಟದ ಮೇಲೆ ಮಳೆ ಹೊಯ್ದು ಹೊಳೆ ಕೆಂಪಗೆ ತುಂಬಿ ಬಂದಿತ್ತು.

ಮುದ್ದೀರವ್ವ ದಡಕ್ಕೆ ಬಂದು ನೋಡುತ್ತಾಳೆ, ಆಚೆಯಿಂದ ಹೆಂಗಸರು ಕೂಗುತ್ತಿದ್ದಾರೆ.

"ಅಕ್ಕಾ, ಚೆಲುವಾಜಿಗೆ ನೋವು! ಕೂಸು ಅಡ್ಡ ಆಗದೆ!"

ಮುದ್ದೀರವ್ವ ನೀರಿಗೆ ಧುಮುಕಿದಳು. ಹೊಳೆ ಎತ್ತಿ ಈಚೆಗೇ ಎಸೆಯಿತು. ಮತ್ತೆ ಧುಮುಕಿದಳು, ಮತ್ತೆ ಎಸೆಯಿತು. ಮೂರನೇ ಸಲ ಅಗಸರು ಓಡಿಬಂದು ಹಿಡಿದುಕೊಂಡರು. "ಎಡಗೈ ಕೆಳಗಿಡ್ರೇ, ಬಲಗೈಲಿ ಸವರ್ರೇ, ಮೆಲ್ಲಗೆ, ಮೆಲ್ಲಗೆ!" ಅಂತ ಈಚೆಯಿಂದಲೇ ಕೂಗಿದಳು. ಕೂಗಿ ಕೂಗಿ ಗಂಟಲು ಹರಿಯಿತು. ಮಾತೇನೋ ದಾಟಿತು. ಕೈ ದಾಟಲಿಲ್ಲ. ಬಿಸಿಲು ಇಳಿಯೋ ಹೊತ್ತಿಗೆ ಆಚೆ ದಡದಲ್ಲಿ ಕೂಗು ನಿಂತುಹೋಯಿತು. ಹೆಂಗಸರು ತಲೆ ಮೇಲೆ ಸೆರಗು ಹಾಕಿಕೊಂಡರು. ತಾಯಿಯೂ ಹೋದಳು, ಕೂಸೂ ಹೋಯಿತು.

ಊರವರ ಮಕ್ಕಳನ್ನೆಲ್ಲ ಎತ್ತಿದ ಕೈ, ತನ್ನ ಮಗಳಿಗೆ ಮಣ್ಣು ಹಾಕೋಕೂ ಸಿಗಲಿಲ್ಲ.

ಆ ಒದ್ದೆ ಸೀರೆಯಲ್ಲೇ ಮುದ್ದೀರವ್ವ ಶೇಕದಾರನ ಜಗಲಿಗೆ ಹೋದಳು. ಜಗಲಿಗೆ ಹಾಸಿದ್ದು ಸೇತುವೆಯ ಕಲ್ಲು. ಅವನು ಮೊಮ್ಮಗನ ಹೆಸರಲ್ಲಿ ಸಕ್ಕರೆ ಹಂಚುತ್ತಿದ್ದ.

"ಏನ್ ಮಾಡೋದವ್ವ, ಎಲ್ಲಾ ಹಣೆಬರಹ," ಅಂದ.

"ಹಣೆಬರಹ ಬ್ರಹ್ಮ ಬರೀತಾನೆ ಅಂತಾರೆ. ನನ್ನ ಮಗಳದ್ದು ಬರೆದೋನು ನೀನು," ಅಂದಳು ಮುದ್ದೀರವ್ವ. ಅವನು ಕೊಡೋಕೆ ಬಂದ ಸೀರೆಯನ್ನು ಆ ಕಲ್ಲಿನ ಮೇಲೇ ಬಿಸಾಕಿ, ಅರಮನೆ ಬಾಗಿಲಿಗೆ ಹೋದಳು. ಕಾವಲಿನವರು, "ಆಚೆದಡದವಳು, ಮತ್ತೇನೋ ಬೇಡೋಕೆ ಬಂದವ್ಳೆ," ಅಂತ ನಕ್ಕು ಓಡಿಸಿದರಂತೆ. ನೀರು ಇಳಿದ ಮೇಲೆ ಅವಳು ಹಟ್ಟಿಗೆ ಹೋದಳು. ಹೋದವಳು ವರುಷವಿಡೀ ಈಚೆ ದಡ ತುಳಿಯಲಿಲ್ಲ. ಅತ್ತು ಹಗುರಾಗು ಅಂದರು ನೆಂಟರು. ಅವಳು ಅಳಲಿಲ್ಲ. ಸಿಟ್ಟು ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು. ಅತ್ತರೆ ಎಲ್ಲಿ ಆರಿಹೋಗುತ್ತೋ ಅಂತ ಅವಳಿಗೆ ಭಯ.

ವರುಷ ತಿರುಗಿತು. ಮಹಾರಾಣಿಗೆ ಹೆರಿಗೆ ನೋವು ಬಂತು. ಒಂದು ದಿನ ಆಯಿತು, ಎರಡು ದಿನ ಆಯಿತು, ಕೂಸು ಬರಲೊಲ್ಲದು. ಪಂಡಿತರು ಕೈಚೆಲ್ಲಿದರು. "ಮುದ್ದೀರವ್ವನ ಕರೆಸಿ," ಅಂದಿತು ಅರಮನೆಯ ಹೆಂಗಸರ ಗುಂಪು. ಕುದುರೆ ಸವಾರ ಹೋದ, ಹೋದಷ್ಟೇ ಬೇಗ ಬರಿಗೈಲಿ ಬಂದ.

"ಹೊಳೆ ತುಂಬಿದೆ ಬುದ್ಧಿ."

"ಸೇತುವೆ ಮೇಲೆ ಹೋಗೋ!" ಅಂದ ರಾಜ.

"ಸೇತುವೆ ಎಲ್ಲಿದೆ ಬುದ್ಧಿ?"

ರಾಜ ಮಂತ್ರಿಯ ಮುಖ ನೋಡಿದ, ಮಂತ್ರಿ ನೆಲ ನೋಡಿದ. ರಾಜ ಕಾಲಿಗೆ ಮೆಟ್ಟು ಕೂಡ ಹಾಕದೆ ಹೊಳೆಗೆ ಓಡಿಬಂದ. ಮಂತ್ರಿ, ಪಾರುಪತ್ತೇಗಾರ, ಶೇಕದಾರ ಮೂವರೂ ಏದುಸಿರು ಬಿಡುತ್ತಾ ಹಿಂದೆ ಬಂದರು. ಆಚೆ ದಡದ ಬಂಡೆಯ ಮೇಲೆ ಮುದ್ದೀರವ್ವ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ತಾಯೀ, ಬಾರವ್ವ! ನನ್ನ ಹೆಂಡತಿ ಸಾಯ್ತಾಳೆ!" ಅಂತ ಕೂಗಿದ ರಾಜ.

"ಯಾವ ದಾರೀಲಿ ಬರಲಿ ಬುದ್ಧಿ? ನೀವು ಕಟ್ಟಿಸಿದ ಸೇತುವೆ ಮೇಲೆ ಬರಲಾ, ನೀವು ಬಿಟ್ಟ ದೋಣೀಲಿ ಬರಲಾ?"

"ನಾನು ಎಲ್ಲಾ ಕೊಟ್ಟೆನಲ್ಲವ್ವಾ!"

"ಕೊಟ್ಟೆ ಕೊಟ್ಟೆ ಅಂತೀರಿ! ಕೊಟ್ಟದ್ದು ಮುಟ್ಟಿತಾ ಅಂತ ಒಂದು ದಿನ ಬಂದು ನೋಡಿದಿರಾ? ಹೋದ ವರ್ಷ ಇದೇ ಹೊತ್ತಿನಾಗೆ, ನೀವು ನಿಂತಿರೋ ಜಾಗದಲ್ಲೇ ನಾನು ನಿಂತಿದ್ದೆ. ನನ್ನ ಮಗಳು ಇಲ್ಲಿ ಸತ್ತಳು. ಕೂಗಿ ನನ್ನ ಗಂಟಲು ಹರೀತು, ನಿಮ್ಮ ಅರಮನೆಗೆ ಕೇಳಿಸಲಿಲ್ಲ!"

ರಾಜ ಎರಡೂ ಕೈ ಎತ್ತಿ ಮುಗಿದ. ಮುದ್ದೀರವ್ವ ಅವನ ಮುಖ ನೋಡಿದಳು. ಇವನೂ ನೋಡಲಿ, ಗೊತ್ತಾಗಲಿ ಅಂತ ಒಂದು ಗಳಿಗೆ ಅವಳ ಮನಸ್ಸು ಕಲ್ಲಾಯಿತಂತೆ. ಮರುಗಳಿಗೆಗೆ ಅವಳಿಗೆ ಅನ್ನಿಸಿತು: ಅಲ್ಲೊಂದು ಹೆಣ್ಣುಜೀವ ನೋಯ್ತಾ ಮಲಗಿದೆ. ಕಲ್ಲು ತಿಂದದ್ದು ಅವಳಲ್ಲ. ನನ್ನ ಕೈ ಇರೋದು ಇಂಥದ್ದಕ್ಕೇ.

"ನಿಮ್ಮ ದೋಣಿ ಮಂತ್ರಿ ಕೊಳದಾಗೆ ತಾವರೆ ಕೀಳ್ತಾ ಅದೆ! ತರಿಸಿ, ಬರ್ತೀನಿ!" ಅಂತ ಕೂಗಿದಳು.

ಸಿಪಾಯಿಗಳು ಓಡಿದರು, ದೋಣಿಯನ್ನ ಹೆಗಲ ಮೇಲೆ ಹೊತ್ತು ತಂದರು. ಒಂದು ಕುಡಿಕೆ ಅನ್ನ ಬೇಯೋ ಹೊತ್ತು ಹಿಡಿಯಿತು, ಅಷ್ಟೇ. ಮುದ್ದೀರವ್ವ ದೋಣಿ ಹತ್ತಿದಳು. ಅದರ ಅಂಚಿಗೆ ಹಿತ್ತಾಳೆ ಹೂವು ಬಡಿದಿದ್ದರು. ಅದನ್ನು ನೋಡಿ ಹಲ್ಲು ಕಚ್ಚಿದಳು.

ರಾಣಿಯ ಹೊಟ್ಟೆ ಮುಟ್ಟಿದರೆ, ಅಡ್ಡ ಕೂಸು. ಅದೇ ಅಡ್ಡ ಕೂಸು. ಮುದ್ದೀರವ್ವನ ಕಣ್ಣಲ್ಲಿ ಆಗ ನೀರು ಬಂತು. ಎಡಗೈ ಕೆಳಗಿಟ್ಟಳು, ಬಲಗೈಲಿ ಸವರಿದಳು, ಮೆಲ್ಲಗೆ, ಮೆಲ್ಲಗೆ. ಕೂಸು ತಿರುಗಿತು. ಹೆಣ್ಣು ಕೂಸು, ಕಿರ್ ಅಂತ ಅತ್ತಿತು. ತಾಯಿ ಉಳಿದಳು.

ರಾಜ ಚಿನ್ನದ ಬಳೆ ತಂದ. ಅವಳು ಮುಟ್ಟಲಿಲ್ಲ.

"ಮತ್ತೇನು ಬೇಕು ಕೇಳವ್ವ. ಆ ಮೂವರ ತಲೆ ಬೇಕಾ? ಈಗಲೇ ತೆಗೆಸ್ತೀನಿ."

"ತಲೆ ತಗೊಂಡು ಏನು ಮಾಡಲಿ ಬುದ್ಧಿ? ತಲೆ ಹೋದರೆ ಇನ್ನೊಂದು ತಲೆ ಬಂದು ಅದೇ ಪೇಟ ಸುತ್ತಿಕೊಳ್ತದೆ. ಈ ಮೂವರನ್ನೂ ಸಂಸಾರದ ಸಮೇತ ಆಚೆದಡದಲ್ಲಿ ಇಡಿ. ಕೆಲಸ ಈಚೆ, ಮನೆ ಆಚೆ. ಉಪ್ಪಿಗೆ ಬರಲಿ, ಔಷಧಿಗೆ ಬರಲಿ, ನಿಮ್ಮ ಓಲಗಕ್ಕೂ ದಿನಾ ಬರಲಿ. ದೋಣಿ ನಮ್ಮ ಜನಕ್ಕೆ. ಅದರಲ್ಲಿ ಇವರು ಕಾಲಿಡಕೂಡದು. ನಾವು ದಾಟಿದ ಹಾಗೇ ದಾಟಲಿ."

"ಹಾಗೇ ಆಗಲಿ," ಅಂದ ರಾಜ.

ಮಂತ್ರಿ ಹಟ್ಟಿಯ ಗುಡಿಸಿಲಿಗೆ ಬಂದ. ಮೊದಲ ದಿನ ಪೇಟ ತಲೆಯ ಮೇಲೆ, ಪಂಚೆ ಕಂಕುಳಲ್ಲಿ, ಬೆನ್ನಿಗೆ ತೇಲೋಕೆ ಕಟ್ಟಿದ ಸೋರೆಬುರುಡೆ. ಹೊಳೆಯ ನಡುವೆ ಪೇಟ ತೇಲಿಹೋಯಿತು. ಪಾರುಪತ್ತೇಗಾರ ಸಂಜೆ ಮನೆಗೆ ಹೋಗಲಾಗದೆ ಮೂರು ದಿನ ಹುಣಸೆಮರದ ಕೆಳಗೆ ಕೂತ. ಶೇಕದಾರನ ಮೊಮ್ಮಗನಿಗೆ ಜ್ವರ ಬಂದಾಗ ಅವನು ದಡದಲ್ಲಿ ನಿಂತು ಎದೆ ಬಡಿದುಕೊಂಡ. ಮುದ್ದೀರವ್ವನೇ ದೋಣಿಯಲ್ಲಿ ಹೋಗಿ ಪಂಡಿತನಿಂದ ಔಷಧಿ ತಂದು ಕುಡಿಸಿದಳು. ಕೂಸು ಉಳಿಯಿತು. ಅವನು ಕಾಲಿಗೆ ಬೀಳೋಕೆ ಬಂದರೆ, "ನನ್ನ ಕಾಲು ಬಿಡು. ಹೋಗಿ ಕಲ್ಲು ಹೊರು," ಅಂದಳಂತೆ.

ಹೊತ್ತರು. ತಮ್ಮ ಮನೆಯ ಜಗಲಿ ಕಿತ್ತರು, ಮೆಟ್ಟಿಲು ಕಿತ್ತರು, ಕೊಳದ ಸೋಪಾನ ಕಿತ್ತರು. ರಾಜನೇ ದಿನಾ ಬಂದು ದಡದಲ್ಲಿ ಕೂತ. ಕಲ್ಲುಕುಟಿಗರು ಹಗಲೆಲ್ಲ ದುಡಿದರು. ಮೂರು ತಿಂಗಳಿಗೆ ಸೇತುವೆ ಎದ್ದು ನಿಂತಿತು. ಎರಡು ಜೋಡೆತ್ತಿನ ಗಾಡಿ ಎದುರುಬದುರು ಹೋಗುವಷ್ಟು ಅಗಲ.

ಡೊಳ್ಳು ಬಡಿದರು, ತೋರಣ ಕಟ್ಟಿದರು. "ಮೊದಲು ನೀನು ನಡಿಯವ್ವ," ಅಂದ ರಾಜ. ಮುದ್ದೀರವ್ವ ನಡೆದಳು. ನಡುಮಧ್ಯಕ್ಕೆ ಬಂದು ನಿಂತುಬಿಟ್ಟಳು. ಬಗ್ಗಿ ಕಲ್ಲಿನ ಮೇಲೆ ಅಂಗೈ ಬಡಿದಳು. ಡೊಳ್ಳು ನಿಂತಿತು.

"ಮೂರು ತಿಂಗಳು!" ಅಂದಳು. "ಬರೀ ಮೂರು ತಿಂಗಳ ಕೆಲಸ! ಇಷ್ಟಕ್ಕಾ ನನ್ನ ಮಗಳನ್ನ ಕೊಂದಿರಿ?"

ರಾಜ ತಲೆ ತಗ್ಗಿಸಿದ. ಮೂವರೂ ತಲೆ ತಗ್ಗಿಸಿದರು. ಉಪಕಾರಗೇಡಿಗಳು ಅಂದಿದ್ದ ಪಟ್ಟಣವೂ ತಲೆ ತಗ್ಗಿಸಿತು. ಮುದ್ದೀರವ್ವ ಅಲ್ಲಿಯೇ ಕೂತು, ವರುಷದಿಂದ ತಡೆದಿದ್ದ ಅಳುವನ್ನೆಲ್ಲ ಅತ್ತಳಂತೆ. ಯಾರೂ ಸಮಾಧಾನ ಹೇಳೋ ಧೈರ್ಯ ಮಾಡಲಿಲ್ಲ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಎದ್ದಳು. ಪಟ್ಟಣದಲ್ಲಿ ಕುಂಬಾರರ ಮನೆಯ ಹುಡುಗಿಗೆ ನೋವು ಬಂದಿತ್ತು, ನಡೆದುಕೊಂಡೇ ಹೋದಳು. ಅವತ್ತಿಂದ ಆ ಹೊಳೆಯ ದಡದಲ್ಲಿ ಯಾವ ತಾಯಿಯೂ ಕೂಗುತ್ತಾ ನಿಲ್ಲಲಿಲ್ಲವಂತೆ.

ಅವರು ಸೇತುವೆ ದಾಟಿ ಅವರ ಊರು ಸೇರಿಕೊಂಡರು, ಕಥೆ ಕೇಳಿದ ನೀವು ನಿಮ್ಮ ಊರು ಸೇರಿಕೊಳ್ಳಿ. ದಾರಿಗೆ ಹೊಳೆ ಅಡ್ಡ ಇರೋರು ಮಾತ್ರ ಏಳಬೇಡಿ, ಇಲ್ಲೇ ಕೂತಿರಿ. ನಿಮ್ಮ ಕಲ್ಲು ಯಾರ ಜಗಲಿಯಲ್ಲಿದೆ ಅಂತ ಒಟ್ಟಿಗೆ ಹೋಗಿ ನೋಡಿಬರೋಣ.